ಮಂಡಿ ಸವೆದರೆ ಆಯಸ್ಸು ಕಡಿಮೆಯೇ?

ಪ್ರಶ್ನೆ: ಡಾಕ್ಟ್ರೇ, ನನಗೆ 61 ವರ್ಷ. ಎರಡೂ ಮಂಡಿ ಸವೆದಿದೆ ಅಂತ ಎಕ್ಸ್‌ರೇಯಲ್ಲಿ ಬಂದಿದೆ. ಬಿಪಿಗೆ ಮಾತ್ರೆ ತಗೊಳ್ತೇನೆ. ಕಳೆದ ಮಳೆಗಾಲದಿಂದ ತೋಟಕ್ಕೆ ಇಳಿಯುವುದನ್ನೇ ಬಿಟ್ಟಿದ್ದೇನೆ. ನೋವು ಜಾಸ್ತಿಯಾದಾಗ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತರಿಸಿ ನುಂಗುತ್ತೇನೆ. ಮಂಡಿ ಸವೆದವರು ಬೇಗ ಸಾಯುತ್ತಾರಂತೆ, ನೆಂಟರೊಬ್ಬರು ಮೊಬೈಲಿನಲ್ಲಿ ಓದಿ ಹೇಳಿದರು. ಅವತ್ತಿನಿಂದ ನಿದ್ದೆಯಿಲ್ಲ. ಇದು ನಿಜವೇ?
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಅಮ್ಮಾ, ಸವೆದ ಮಂಡಿಯೇ ಜೀವ ತೆಗೆಯುವುದಿಲ್ಲ. ಹಾಗಂತ ನಿಮ್ಮ ನೆಂಟರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆದ 1163 ಜನರನ್ನು ಸುಮಾರು 14 ವರ್ಷ ಗಮನಿಸಿದರು. ವರದಿ 2011ರಲ್ಲಿ ಬಂತು. ಅದೇ ವಯಸ್ಸಿನ ಉಳಿದ ಜನರಿಗಿಂತ ಇವರಲ್ಲಿ ಸಾವು ಶೇ. 55 ಹೆಚ್ಚು. ಹೃದಯ, ರಕ್ತನಾಳದ ಕಾಯಿಲೆಯಿಂದ ಆದ ಸಾವು ಶೇ. 71 ಹೆಚ್ಚು.

ಹೆದರಬೇಡಿ, ಮುಂದಿನದು ಓದಿ. ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್ ಇದ್ದವರಿಗೆ ಅಪಾಯ ಜಾಸ್ತಿ ಇತ್ತು. ನಡೆಯಲು ಆಗದವರಿಗೂ ಅಷ್ಟೇ. ನಡಿಗೆ ಎಷ್ಟು ಕುಂದಿತ್ತೋ ಅಪಾಯ ಅಷ್ಟು ಏರಿತ್ತು.

ಅದಕ್ಕೇ ನಿಮ್ಮ ಎಕ್ಸ್‌ರೇಗಿಂತ, ತೋಟಕ್ಕೆ ಇಳಿಯುವುದು ಬಿಟ್ಟೆ ಅಂದಿರಲ್ಲ, ಆ ಮಾತು ನನ್ನನ್ನು ಕಾಡುತ್ತಿದೆ. ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ. ಸವೆದ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಜೊತೆಗೆ ಮೆಟ್ಟಿಲ ಮೇಲೆ ಪಾಚಿ. ಮನೆಯವರು ಪ್ರೀತಿಯಿಂದಲೇ "ಸುಮ್ನೆ ಕೂತ್ಕೊಳ್ಳಿ" ಅನ್ನುತ್ತಾರೆ. ಕೂತರೆ ತೊಡೆಯ ಸ್ನಾಯು ಸೊರಗುತ್ತದೆ. ಮಂಡಿಗೆ ಆಸರೆ ಕೊಡುವುದೇ ಆ ಸ್ನಾಯು. ಆಮೇಲೆ ತೂಕ ಏರುತ್ತದೆ, ಬಿಪಿ ಏರುತ್ತದೆ, ಸಕ್ಕರೆಯೂ ಬರಬಹುದು. ಹೃದಯಕ್ಕೆ ತೊಂದರೆ ಬರುವುದು ಹೀಗೆ.

ತೋಟದ ಇಳಿಜಾರು ಸದ್ಯಕ್ಕೆ ಬೇಡ. ಅಂಗಳದಲ್ಲಿ ಹತ್ತು ನಿಮಿಷ ನಡೆಯಿರಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮಳೆ ಹಿಡಿದರೆ ಜಗಲಿಯಲ್ಲೇ ನಡೆಯಿರಿ. ಯಾವ ಮಂಡಿ ಜಾಸ್ತಿ ನೋಯುತ್ತದೋ ಅದರ ಎದುರು ಕೈಯಲ್ಲಿ ಕೋಲು ಹಿಡಿಯಿರಿ, ತುಂಬ ಜನ ನೋವಿನ ಕಡೆಗೇ ಹಿಡಿಯುತ್ತಾರೆ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸಿ. ಸ್ವಲ್ಪ ನೋವಾದರೆ ಮಂಡಿ ಇನ್ನೂ ಸವೆಯಿತು ಅಂತಲ್ಲ. ಮರುದಿನವೂ ನೋವು ಇಳಿಯದಿದ್ದರೆ ಮಾತ್ರ ತುಸು ಕಡಿಮೆ ಮಾಡಿ. ಅಡಿಕೆ ಸುಲಿಯುವಾಗ ನೆಲಕ್ಕೆ ಕೂರದೆ ಎತ್ತರದ ಮಣೆ ಹಾಕಿಕೊಳ್ಳಿ. ತೂಕ ಜಾಸ್ತಿಯಿದ್ದರೆ ಇಳಿಸಿ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ.

ಡೈಕ್ಲೋಫೆನಾಕ್ ಬಗ್ಗೆ ಮಾತ್ರ ಗಟ್ಟಿಯಾಗಿಯೇ ಹೇಳುತ್ತೇನೆ. ಕೇಳದೆ ನುಂಗುವುದನ್ನು ಇವತ್ತೇ ನಿಲ್ಲಿಸಿ. ಅದು ಬಿಪಿ ಏರಿಸುತ್ತದೆ, ಕಿಡ್ನಿಗೆ ಪೆಟ್ಟು ಕೊಡುತ್ತದೆ, ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆ. ಹೃದ್ರೋಗ ಇರುವವರಿಗೆ ಇದನ್ನು ಕೊಡಬಾರದು ಅಂತ ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿತು. ಇದೇ ಔಷಧ ಮಂಡಿಗೆ ಹಚ್ಚುವ ಜೆಲ್ ಆಗಿಯೂ ಸಿಗುತ್ತದೆ. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ನಿಮಗೆ ಆಗುತ್ತದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಮುಂದಿನ ಸಲ ಬಿಪಿ ನೋಡಿಸಲು ಹೋದಾಗ ಆ ಮಾತ್ರೆಯ ಖಾಲಿ ಶೀಟನ್ನೂ ಒಯ್ಯಿರಿ. ಸಕ್ಕರೆ ಪರೀಕ್ಷೆ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿದರೆ, ಅಥವಾ ನಡೆಯುವಾಗ ಎದೆ ಹಿಡಿದಂತಾದರೆ, ಆ ದಿನಕ್ಕೆ ಕಾಯದೆ ತಕ್ಷಣ ಹೋಗಿ.