ಕೌಂಟರಿನಲ್ಲಿ ಕೂಗಿದ ಮಾತು

ಅಕ್ಕಾ, ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಸಹಕಾರಿ ಸೊಸೈಟಿಯಲ್ಲಿ ನಾನು 13 ವರ್ಷ ಗುಮಾಸ್ತೆಯಾಗಿದ್ದೆ. ಈ ಏಪ್ರಿಲ್‌ನಲ್ಲಿ ಸೆಕ್ರೆಟರಿ ನಿವೃತ್ತರಾದರು. ಆಡಳಿತ ಮಂಡಳಿಯವರು ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ವಯಸ್ಸು 37. ಕೈಕೆಳಗೆ ಎಂಟು ಜನ. ನನಗೆ ಕಿರ್ದಿ ಬರೆಯಲು ಕಲಿಸಿದ ಲೆಕ್ಕದ ಅಣ್ಣನೂ ಅವರಲ್ಲಿ ಒಬ್ಬರು. ಈಗಲೂ ಅವರು ಎಲ್ಲರೆದುರು, “ಅದೆಲ್ಲ ನಾ ನೋಡ್ತೆ ತಂಗಿ, ನೀ ತಲೆ ಕೆಡಸ್ಕಬೇಡ” ಎನ್ನುತ್ತಾರೆ. ಹಿಂದಿನ ಸೆಕ್ರೆಟರಿ ಗುಡುಗಿದರೆ ಗೋದಾಮಿನವರೆಗೂ ಕೇಳುತ್ತಿತ್ತು. ಒಬ್ಬ ನಿರ್ದೇಶಕರು, “ನಿನ್ನ ದನಿ ಸಾಲದು, ಸ್ವಲ್ಪ ಬಿಗಿ ಮಾಡು” ಎಂದರು. ಜೂನ್‌ನಲ್ಲಿ ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯುವ ಹೊತ್ತಿಗೆ, ಅದಕ್ಕೆ ಬೇಕಾದ ಮೈಲುತುತ್ತವೇ ತೀರಿಹೋಯಿತು. ಸದಸ್ಯರು ಮಳೆಯಲ್ಲಿ ನಿಂತು ಬೈಯುತ್ತಿದ್ದರು. ನನಗೆ ಕಿವಿ ಬಿಸಿಯಾಯಿತು, ಗಂಟಲು ಕಟ್ಟಿತು. ಕೌಂಟರಿನ ಹುಡುಗನ ಮೇಲೆ ಕೂಗಾಡಿಬಿಟ್ಟೆ. ಸಂಜೆ ಕಡತ ತೆಗೆದು ನೋಡಿದರೆ ಅವನು ಬರೆದುಕೊಟ್ಟ ಬೇಡಿಕೆ ಪತ್ರ ನನ್ನ ಮೇಜಿನಲ್ಲೇ ಒಂಬತ್ತು ದಿನ ಸಹಿಯಿಲ್ಲದೆ ಬಿದ್ದಿತ್ತು. ಅವನಿಗೆ ಇನ್ನೂ ಏನೂ ಹೇಳಿಲ್ಲ. ಅಂದಿನಿಂದ ಪ್ರತಿ ವೋಚರನ್ನೂ ನಾನೇ ಎರಡೆರಡು ಸಲ ನೋಡುತ್ತೇನೆ, ಮನೆ ಸೇರುವಾಗ ಎಂಟು ಗಂಟೆ. ಬೆಳಗಿನ ಜಾವ ಎಚ್ಚರವಾಗಿ ಮೊಬೈಲಿನಲ್ಲಿ ಸದಸ್ಯರ ಗುಂಪಿನ ಮೆಸೇಜು ಓದುತ್ತ ಮಲಗಿರುತ್ತೇನೆ. ಸೆಪ್ಟೆಂಬರ್‌ನ ವಾರ್ಷಿಕ ಸಭೆ ನೆನೆದರೆ ಹೊಟ್ಟೆ ತೊಳಸುತ್ತದೆ. ಹಳೇ ಹುದ್ದೆಗೇ ವಾಪಸ್ ಹೋಗಿಬಿಡಲೇ?
ಹೆಸರು ಬೇಡ, ಶಿರಸಿ ತಾಲ್ಲೂಕು

ತಂಗಿ,

ಈಗ ರಾಜೀನಾಮೆ ಬೇಡ. ಕಾರಣ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಅವಸರದ ಕೆಲಸ ಆ ಹುಡುಗನದು.

ನಾನು ಕರಾವಳಿಯ ಒಂದು ಹೈಸ್ಕೂಲಿನಲ್ಲಿ 11 ವರ್ಷ ಮುಖ್ಯಾಧ್ಯಾಪಕಿಯಾಗಿದ್ದೆ. ಮೊದಲ ವರ್ಷವೇ ಪರೀಕ್ಷಾ ಶುಲ್ಕ ಕಟ್ಟುವುದು ತಡವಾಯಿತೆಂದು ಗುಮಾಸ್ತರ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲ ಮಾಸ್ತರರ ಎದುರು ರೇಗಿದೆ. ಚಲನ್ನು ನನ್ನದೇ ಡೈರಿಯ ನಡುವೆ ಸಿಕ್ಕಿತು. ಅವರನ್ನು ನನ್ನ ಕೋಣೆಗೆ ಕರೆದು, ಬಾಗಿಲು ಹಾಕಿ, “ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದೆ. ಅವರು “ಇರಲಿ ಅಕ್ಕೋರೇ” ಎಂದರು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಮರುವಾರದಿಂದ ಒಂದು ಸೀಮೆಸುಣ್ಣದ ಪೆಟ್ಟಿಗೆ ಕೊಡಬೇಕಾದರೂ ಅವರು ಚೀಟಿ ಬರೆದು ನನ್ನ ಸಹಿಗೆ ತಂದು ನಿಲ್ಲತೊಡಗಿದರು. ಕಸಬರಿಗೆಗೂ ಸಹಿ, ಬಾವಿಯ ಹಗ್ಗಕ್ಕೂ ಸಹಿ. ಎಷ್ಟು ಅಚ್ಚುಕಟ್ಟಿನ ಮನುಷ್ಯ ಎಂದು ನಾನು ಮೆಚ್ಚಿಕೊಂಡಿದ್ದೆ. ವರ್ಷದ ಕೊನೆಗೆ ಒಬ್ಬ ಹಿರಿಯ ಶಿಕ್ಷಕಿ ಬಿಡಿಸಿ ಹೇಳಿದರು: “ಶುಲ್ಕ ಮರೆತವರು ಅವರೇ ಎಂದು ಶಾಲೆಯಲ್ಲಿ ಎಲ್ಲರೂ ಈಗಲೂ ನಂಬಿದ್ದಾರೆ. ಅವರಿಗೆ ನಿಮ್ಮ ಹೆದರಿಕೆ.” ಬೈದದ್ದು ಹನ್ನೆರಡು ಜನರ ಎದುರು, ತಪ್ಪೊಪ್ಪಿಕೊಂಡದ್ದು ನಾಲ್ಕು ಗೋಡೆಗಳ ಎದುರು. ಅವರ ಮೇಲೆ ಬಿದ್ದ ಕಲೆ ಹಾಗೇ ಉಳಿಯಿತು. ಇವತ್ತಿಗೂ ಆ ಚೀಟಿಗಳು ನೆನಪಾದರೆ ನನಗೆ ಸಂಕಟವಾಗುತ್ತದೆ.

ಹಾಗಾಗಿ, ನೀವು ಎಲ್ಲಿ ಕೂಗಿದಿರೋ ಅಲ್ಲೇ ಹೇಳಿ. ಕೌಂಟರಿನ ಹತ್ತಿರ, ಸಿಬ್ಬಂದಿ ಎಲ್ಲ ಇರುವಾಗ, ನಾಲ್ಕು ಜನ ಸದಸ್ಯರೂ ಇದ್ದರೆ ಇನ್ನೂ ಒಳ್ಳೆಯದು. “ಜೂನ್‌ನಲ್ಲಿ ಮೈಲುತುತ್ತ ಕಡಿಮೆ ಬಿದ್ದದ್ದು ಇವನಿಂದಲ್ಲ. ಇವನು ಹೊತ್ತಿಗೆ ಸರಿಯಾಗಿ ಬರೆದುಕೊಟ್ಟಿದ್ದ. ಕಾಗದ ನನ್ನ ಮೇಜಿನಲ್ಲಿ ಒಂಬತ್ತು ದಿನ ಉಳಿಯಿತು. ಇವನ ಮೇಲೆ ಕೂಗಿದ್ದು ನನ್ನ ತಪ್ಪು.” ಇಷ್ಟೇ ಸಾಕು. ಕೆಲಸದ ಒತ್ತಡ, ಮನೆಯ ತಾಪತ್ರಯ, ಹೊಸ ಹುದ್ದೆ ಎಂದು ಬಾಲ ಕಟ್ಟಬೇಡಿ. ಬಾಲ ಕಟ್ಟಿದರೆ ಕ್ಷಮೆ ಕೇಳಿದಂತಾಗುವುದಿಲ್ಲ, ಸಮಜಾಯಿಷಿ ಕೊಟ್ಟಂತಾಗುತ್ತದೆ. ತಪ್ಪು ಒಪ್ಪಿಕೊಂಡರೆ ನಿಮ್ಮ ಬೆಲೆ ಇಳಿದುಹೋಗುತ್ತದೆ ಎಂಬ ಭಯ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತಿದೆ. ಆ ಬೇಡಿಕೆ ಪತ್ರದ ಸಂಗತಿ ನಿಮ್ಮ ಸಿಬ್ಬಂದಿಗೆ ಗೊತ್ತಿಲ್ಲ ಎಂದುಕೊಂಡಿದ್ದೀರಾ? ಎಂಟು ಜನರಿರುವ ಆಫೀಸಿನಲ್ಲಿ ಇಂಥದ್ದು ಅಡಗುವುದಿಲ್ಲ. ನೀವು ಯಾವಾಗ ಹೇಳುತ್ತೀರಿ ಎಂದು ಅವರು ಕಾಯುತ್ತಿದ್ದಾರೆ, ಅಷ್ಟೇ.

ಇದು ಬರೀ ಒಳ್ಳೆಯತನದ ಮಾತಲ್ಲ, ಕೆಲಸ ನಡೆಯುವ ಮಾತು. ಹಾರ್ವರ್ಡ್‌ನ ಆಮಿ ಎಡ್ಮಂಡ್ಸನ್ ಎಂಬ ಪ್ರಾಧ್ಯಾಪಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದರು. ಚೆನ್ನಾಗಿ ಹೊಂದಿಕೊಂಡು ದುಡಿಯುವ ತಂಡಗಳಲ್ಲಿ ತಪ್ಪು ಕಡಿಮೆ ಇದ್ದೀತು ಎಂಬುದು ಅವರ ಎಣಿಕೆ. ಲೆಕ್ಕ ಹಾಕಿದಾಗ ಅಂಥ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಒಳಹೊಕ್ಕು ನೋಡಿದ ಮೇಲೆ ಕಾರಣ ತಿಳಿಯಿತು. ಅಲ್ಲಿಯವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದರು. ಉಳಿದ ಕಡೆ ಮೇಲಿನವರ ಹೆದರಿಕೆಗೆ ತಪ್ಪು ಒಳಗೇ ಉಳಿಯುತ್ತಿತ್ತು. ನಿಮ್ಮ ಕೌಂಟರಿನ ಹುಡುಗ ಇನ್ನು ಮುಂದೆ ದಾಸ್ತಾನು ಕಡಿಮೆ ಇದೆಯೆಂದು ಮೊದಲೇ ಬಂದು ಹೇಳುತ್ತಾನೋ, ತೀರಿದ ಮೇಲೆ ಹೇಳುತ್ತಾನೋ ಎಂಬುದು ನಿಮ್ಮ ಆ ನಾಲ್ಕು ವಾಕ್ಯಗಳ ಮೇಲೆ ನಿಂತಿದೆ.

ಇನ್ನು ದನಿಯ ವಿಚಾರ. “ದನಿ ಸಾಲದು” ಎಂದ ನಿರ್ದೇಶಕರ ಮಾತನ್ನು ನೀವು ಆಜ್ಞೆಯೆಂದು ತೆಗೆದುಕೊಂಡು, ನಿಮ್ಮದಲ್ಲದ ಗಂಟಲಿನಲ್ಲಿ ಕೂಗಿದಿರಿ. ಆ ಕೂಗು ನಿವೃತ್ತರಾದ ಸೆಕ್ರೆಟರಿಯವರದು. ಸೊಸೈಟಿ ಎಂಬ ವ್ಯವಸ್ಥೆ ಒಬ್ಬರ ಗಂಟಲಿನ ಮೇಲೆ ನಡೆಯಬಾರದೆಂದೇ ಬಂದದ್ದು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘ ಕಟ್ಟಿದ ಕಾಲದಿಂದಲೂ ಅದರ ಬೇರು ಇದೇ: ಹತ್ತು ಎಕರೆ ತೋಟದವನಿಗೂ ಹತ್ತು ಗುಂಟೆಯವನಿಗೂ ಒಂದೇ ಮತ. ಮಂಡಳಿ ಠರಾವು ಮಾಡುತ್ತದೆ, ನೀವು ನಡೆಸಿ ತೋರಿಸುತ್ತೀರಿ. ನಡೆಸಿ ತೋರಿಸಲು ಗುಡುಗು ಬೇಕಾಗಿಲ್ಲ. ಹೇಳಿದ ದಿನಕ್ಕೆ ಹೇಳಿದ ಕೆಲಸ ಆಗಬೇಕು. ನಾಲ್ಕು ತಿಂಗಳು ಹಾಗೆ ನಡೆದರೆ ನಿಮ್ಮ ಮೆಲುದನಿಗೆ ಜನ ತಾವೇ ಕಿವಿ ಹತ್ತಿರ ತರುತ್ತಾರೆ.

ಕಿವಿ ಬಿಸಿಯಾಯಿತು, ಗಂಟಲು ಕಟ್ಟಿತು ಎಂದು ಬರೆದಿದ್ದೀರಿ. ಈ ಸಾಲನ್ನು ನಾನು ಎರಡು ಸಲ ಓದಿದೆ. ನಿಮ್ಮ ಊರಿನಲ್ಲಿ ಮೈಲುತುತ್ತ, ಸುಣ್ಣ ಕಲಸಿ ಮದ್ದು ಮಾಡುವವರನ್ನು ನೋಡಿದ್ದೀರಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಬೇರೆಬೇರೆ ಕರಗಿಸಿ ಸೇರಿಸಿ, ಕೊನೆಗೆ ಕತ್ತಿಯ ಅಲಗನ್ನು ಒಂದು ಗಳಿಗೆ ಅದ್ದಿ ಮೇಲೆತ್ತುತ್ತಾರೆ. ಅಲಗಿಗೆ ಕೆಂಪಗೆ ತಾಮ್ರದ ಬಣ್ಣ ಹತ್ತಿದರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು. ನೋಡದೇ ಹಾಗೇ ಹೊಡೆದರೆ ರೋಗದ ಜೊತೆಗೆ ಎಳೆಗಾಯಿಯೂ ಸುಡುತ್ತದೆ. ನಿಮ್ಮ ಕಿವಿಯ ಬಿಸಿ ಆ ಕೆಂಪು. ಬಾಯಿ ತೆರೆಯುವ ಮೊದಲೇ ಮೈ ನಿಮಗೆ ತಿಳಿಸಿತ್ತು, ನೋಡುವ ಅಭ್ಯಾಸ ಇರಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ 1979ರಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗೆಂದು ಶುರುಮಾಡಿದ 8 ವಾರಗಳ ತರಬೇತಿಯಲ್ಲಿ ಕಲಿಸುವುದರಲ್ಲಿ ಇದೂ ಒಂದು: ಕಾಲಬೆರಳಿನಿಂದ ನೆತ್ತಿಯವರೆಗೆ ಮೈಯಲ್ಲಿ ಈಗ ಏನಾಗುತ್ತಿದೆ ಎಂದು ಗಮನಿಸುವುದು, ಅದನ್ನು ಸರಿಮಾಡಲು ಹೋಗದೆ ಬರೀ ನೋಡುವುದು. ದಿನಾ ಹತ್ತು ನಿಮಿಷ ಸಾಕು. ಗದ್ದಲವಿಲ್ಲದಾಗ ನೋಡಿ ರೂಢಿಯಾದರೆ ಗದ್ದಲದಲ್ಲೂ ಕಾಣುತ್ತದೆ.

ಕಂಡಾಗ ಏನು ಮಾಡಬೇಕು? ಉಸಿರನ್ನು ನಿಧಾನವಾಗಿ, ಒಳಗೆ ಎಳೆದದ್ದಕ್ಕಿಂತ ಉದ್ದವಾಗಿ ಹೊರಗೆ ಬಿಡಿ. ಉಸಿರು ಹೊರಹೋಗುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಅದು ದೇಹದ ಸ್ವಭಾವ. ಮೂರು ಸಲ ಸಾಕು, ಎದುರಿಗಿದ್ದವರಿಗೆ ಗೊತ್ತೂ ಆಗುವುದಿಲ್ಲ. ಆಮೇಲೆ ಒಂದೇ ವಾಕ್ಯ: “ಐದು ನಿಮಿಷ ತಡೀರಿ, ಪುಸ್ತಕ ನೋಡಿ ಹೇಳ್ತೇನೆ.” ಎದ್ದು ಹೋಗಿ ಪುಸ್ತಕವನ್ನೇ ನೋಡಿ. ಜೂನ್‌ನಲ್ಲಿ ಹೀಗೆ ಮಾಡಿದ್ದರೆ ಆ ಬೇಡಿಕೆ ಪತ್ರ ಸಂಜೆಯ ಬದಲು ಆಗಲೇ ಕೈಗೆ ಸಿಗುತ್ತಿತ್ತು.

ಬೆಳಗಿನ ಜಾವದ ಮೊಬೈಲು ಮಾತ್ರ ಇವತ್ತೇ ನಿಲ್ಲಬೇಕು. ಫೋನನ್ನು ಜಗಲಿಯಲ್ಲಿ ಚಾರ್ಜಿಗೆ ಹಾಕಿ, ಮಲಗುವ ಕೋಣೆಗೆ ತರಬೇಡಿ. ಎಚ್ಚರವಾದರೆ ಎದ್ದು ಅಂಗಳಕ್ಕೆ ಬನ್ನಿ. ಮಳೆಯಿದ್ದರೆ ಮಾಡಿನ ಅಡಿಯಲ್ಲೇ ಅತ್ತಿತ್ತ ನಡೆಯಿರಿ. ಮೇಲೆ ಹೇಳಿದ ಹತ್ತು ನಿಮಿಷಕ್ಕೆ ಅದೇ ಹೊತ್ತು. ಗುಂಪಿನ ಮೆಸೇಜಿಗೆ ಉತ್ತರ ಆಫೀಸಿನ ವೇಳೆಯಲ್ಲಿ ಮಾತ್ರ ಎಂದು ಒಂದು ಸಲ ಬರೆದುಹಾಕಿ, ಅದರಂತೆ ನಡೆಯಿರಿ. ಎರಡು ದಿನ ಗೊಣಗುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ. ಇಷ್ಟಾದರೂ ಎರಡು ಮೂರು ವಾರದಲ್ಲಿ ನಿದ್ರೆ ಬಾರದಿದ್ದರೆ, ಹೊಟ್ಟೆ ತೊಳಸುವುದು ನಿಲ್ಲದಿದ್ದರೆ, ವೈದ್ಯರನ್ನು ಕಾಣಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಲೆಕ್ಕದ ಅಣ್ಣನ ವಿಷಯಕ್ಕೆ ಬರುತ್ತೇನೆ. ಅವರ ಬಾಯಲ್ಲಿ “ತಂಗಿ” ಹೋಗಿ “ಮೇಡಂ” ಬರಲಿ ಎಂದು ಆಸೆಪಡಬೇಡಿ. ಕಲಿಸಿದವರು ತಂಗಿ ಎಂದರೆ ಕುರ್ಚಿ ಸಣ್ಣದಾಗುವುದಿಲ್ಲ. ನಿಮ್ಮನ್ನು ಕುಗ್ಗಿಸುತ್ತಿರುವುದು ಅದರ ಹಿಂದಿನ “ಅದೆಲ್ಲ ನಾ ನೋಡ್ತೆ.” ಸಭೆಯಲ್ಲಿ ಅದಕ್ಕೆ ಎದುರು ಮಾತಾಡಲು ಹೋಗದೆ, ಸಭೆಯ ಹಿಂದಿನ ದಿನ ನೀವೇ ಅವರ ಮೇಜಿಗೆ ಹೋಗಿ ಕೂತುಕೊಳ್ಳಿ. ಸುಸ್ತಿ ಸಾಲದ ಪಟ್ಟಿ ಮುಂದಿಟ್ಟು, “ಅಣ್ಣ, ಇದರಲ್ಲಿ ನಿಮಗೆ ಏನು ಕಾಣ್ತದೆ?” ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ. ಇದು ಕಷ್ಟದ ಅಭ್ಯಾಸ, ನನಗೆ ಬರಲು ವರ್ಷಗಳೇ ಬೇಕಾದವು. ಕೇಳಿದ ಮೇಲೆ ತೀರ್ಮಾನ ನಿಮ್ಮದು. ಅವರು ಹೇಳಿದಂತೆ ಮಾಡದಿದ್ದರೆ ಯಾಕೆಂದು ಮಂಡಳಿಗಿಂತ ಮೊದಲು ಅವರಿಗೇ ತಿಳಿಸಿ. ತನ್ನನ್ನು ಕೇಳಿದ್ದಾರೆ ಎಂದು ಗೊತ್ತಿರುವ ಹಿರಿಯರು ಸಭೆಯಲ್ಲಿ ಅಡ್ಡ ಮಾತಾಡುವುದು ಕಡಿಮೆ. ಆಮೇಲೂ ಎಲ್ಲರೆದುರು ಹಾಗೆ ಹೇಳಿದರೆ, “ಅಣ್ಣ, ಇದನ್ನು ನಾನು ನೋಡ್ತೇನೆ. ಅನುಮಾನ ಬಂದರೆ ನಿಮ್ಮನ್ನೇ ಕೇಳ್ತೇನೆ” ಎನ್ನಿ. ಈ ವಾಕ್ಯವನ್ನು ಈಗಲೇ ನಾಲ್ಕು ಸಲ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ, ಆ ಗಳಿಗೆಯಲ್ಲಿ ಹುಡುಕಿದರೆ ಮಾತು ಸಿಗುವುದಿಲ್ಲ.

ಎರಡೆರಡು ಸಲ ವೋಚರ್ ನೋಡುವುದು ಜಾಗ್ರತೆಯೆಂದು ನಿಮಗೆ ಅನಿಸಿದೆ. ಎಂಟು ಜನರಿಗೆ ಅದು “ನಿಮ್ಮ ಮೇಲೆ ನಂಬಿಕೆಯಿಲ್ಲ” ಎಂದು ಕೇಳುತ್ತದೆ. ಬಂಗಾರದ ಸಾಲ ಕೊಡುವ ಕಡೆಯೆಲ್ಲ ತಿಜೋರಿಗೆ ಎರಡು ಕೀಲಿ ಇರುತ್ತದೆ, ಇಬ್ಬರ ಕೈಯಲ್ಲಿ. ಇಬ್ಬರೂ ಬಾರದೆ ಬಾಗಿಲು ತೆರೆಯದು. ಯಾರೂ ಅದನ್ನು ಅವಮಾನ ಎಂದುಕೊಳ್ಳುವುದಿಲ್ಲ, ಪದ್ಧತಿಯೇ ಹಾಗಿದೆ. ನಿಮ್ಮ ತಪಾಸಣೆಯೂ ಹಾಗಿರಲಿ. ದಿನದ ಕೊನೆಯ ನಗದು ಶಿಲ್ಕು, ಚೆಕ್ಕು, ಬಂಗಾರ, ಇವಿಷ್ಟನ್ನು ನೀವೇ ನೋಡಿ. ಉಳಿದ ವೋಚರುಗಳನ್ನು ಒಬ್ಬರು ಬರೆಯಲಿ, ಇನ್ನೊಬ್ಬರು ನೋಡಿ ಸಹಿ ಮಾಡಲಿ, ನೀವು ವಾರಕ್ಕೊಮ್ಮೆ ಯಾವುದೋ ಹತ್ತನ್ನು ತೆಗೆದು ನೋಡಿ. ಗೊಬ್ಬರ, ಮದ್ದಿನ ದಾಸ್ತಾನನ್ನು ಪೂರ್ತಿ ಆ ಹುಡುಗನಿಗೇ ವಹಿಸಿ: ಎಷ್ಟು ಚೀಲಕ್ಕೆ ಇಳಿದಾಗ ಬೇಡಿಕೆ ಹೋಗಬೇಕೆಂದು ಇಬ್ಬರೂ ಕೂತು ಗೊತ್ತುಮಾಡಿ. ಬೇಡಿಕೆ ನಿಮ್ಮ ಮೇಜಿಗೆ ಬಂದು ಎರಡು ದಿನವಾದರೆ ನಿಮ್ಮನ್ನು ಬಂದು ಕೇಳುವ ಹಕ್ಕು ಅವನಿಗೆ ಇರಲಿ. ಈ ಕೊನೆಯದನ್ನು ಮರೆಯಬೇಡಿ. ಹೊಣೆ ಕೊಟ್ಟು ಹಕ್ಕು ಕೊಡದಿದ್ದರೆ ಇನ್ನೊಂದು ಜೂನ್ ಬರುತ್ತದೆ.

ವಾರ್ಷಿಕ ಸಭೆಗೆ ಹೆಚ್ಚು ಹೇಳುವುದಿಲ್ಲ. ಬರಬಹುದಾದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ: ಲಾಭಾಂಶ, ಸುಸ್ತಿ ಸಾಲ, ಮೈಲುತುತ್ತ. ಮೂರನೆಯದಕ್ಕೆ ಉತ್ತರ ಅಷ್ಟರೊಳಗೆ ಕೌಂಟರಿನಲ್ಲೇ ಕೊಟ್ಟಾಗಿರುತ್ತದೆ. ಗೊತ್ತಿಲ್ಲದ ಅಂಕಿ ಕೇಳಿದರೆ, “ಲೆಕ್ಕ ನೋಡಿ ಸೋಮವಾರ ತಿಳಿಸ್ತೇನೆ” ಎನ್ನಿ, ಸೋಮವಾರ ತಿಳಿಸಿ.

ರಾಜೀನಾಮೆ ಈಗ ಬೇಡ ಎಂದದ್ದಕ್ಕೆ ಕಾರಣ ಇದು. ನೀವು ಓಡಿಹೋಗಬೇಕೆನ್ನುತ್ತಿರುವುದು ಕೆಲಸದಿಂದಲ್ಲ, ಆ ಹುಡುಗನ ಮುಖದಿಂದ. ಹಳೇ ಕುರ್ಚಿಗೆ ಹೋದರೂ ಅವನು ಅದೇ ಕೌಂಟರಿನಲ್ಲಿ ಕೂತಿರುತ್ತಾನೆ. ಮಾಡಬಾರದ ಸಹಿ ಮಾಡೆಂದು ಯಾರಾದರೂ ಒತ್ತಾಯಿಸಿದರೆ, ಆಗ ಬಿಡುವ ಮಾತು ಬೇರೆ, ಆಗ ನಾನೇ ಬಿಡಿ ಎನ್ನುತ್ತೇನೆ. ಸೆಪ್ಟೆಂಬರ್ ಸಭೆ ಮುಗಿದು ಒಂದು ತಿಂಗಳಾದ ಮೇಲೆ ಇದೇ ಪ್ರಶ್ನೆಯನ್ನು ಮತ್ತೆ ನಿಮಗೆ ನೀವೇ ಕೇಳಿಕೊಳ್ಳಿ.

ಈಗ ಎರಡನೇ ಮದ್ದಿನ ಹೊತ್ತು. ಮೈಲುತುತ್ತ ಎಷ್ಟು ಉಳಿದಿದೆ ಎಂದು ನಾಳೆ ಬೆಳಿಗ್ಗೆ, ಆ ನಾಲ್ಕು ವಾಕ್ಯ ಹೇಳಿದ ಮೇಲೆ, ಅವನನ್ನೇ ಕೇಳಿ. ಅವನು ಹೇಳಿ ಮುಗಿಸುವವರೆಗೆ ದಾಸ್ತಾನು ಪುಸ್ತಕ ತೆರೆಯಬೇಡಿ.