ಮಡಿಕೇರಿ ಕಡೆ ಇಳಿಜಾರಿನಲ್ಲಿ ಕಟ್ಟುವ ಮನೆಗೆ ಯಾವ ಲಿಫ್ಟ್ ಸೂಕ್ತ?

ನೆಲಮಹಡಿಯ ಮೇಲೆ ಎರಡಂತಸ್ತು, ಜಾಗ ಇಳಿಜಾರು, ತಾಯಿಗೆ ಮಂಡಿನೋವು, ಮುಂದೆ ವೀಲ್‌ಚೇರ್ ಬೇಕಾಗಬಹುದು ಎಂದು ಬರೆದಿದ್ದೀರಿ. ಹಾಗಿದ್ದರೆ ನನ್ನ ಓಟು ಎಣ್ಣೆಯ ಒತ್ತಡದಿಂದ ಏರುವ ಹೈಡ್ರಾಲಿಕ್ ಲಿಫ್ಟಿಗೆ. ಬಯಲುಸೀಮೆಯ ಊರಾಗಿದ್ದರೆ ಮೋಟರ್ ಉಕ್ಕಿನ ಹಗ್ಗದಲ್ಲಿ ಎಳೆಯುವ ಗೇರ್‌ಲೆಸ್ ಲಿಫ್ಟೇ ಸಾಕು ಅನ್ನುತ್ತಿದ್ದೆ. ಕೊಡಗಿನಲ್ಲಿ ಮನೆ ಲಿಫ್ಟನ್ನು ಕೆಡಿಸುವುದು ಮುಖ್ಯವಾಗಿ ಎರಡು: ಪಿಟ್‌ಗೆ (ಲಿಫ್ಟಿನ ತಳದ ಗುಂಡಿಗೆ) ಇಳಿಯುವ ನೀರು, ಮಳೆಗಾಲದ ಕರೆಂಟು. ಬ್ರೋಷರ್‌ನಲ್ಲಿ ಇವೆರಡರ ಸುದ್ದಿಯೇ ಇರುವುದಿಲ್ಲ, ಕ್ಯಾಬಿನ್ನಿನ ಫೋಟೋ ಮಾತ್ರ ಇರುತ್ತದೆ.

ಮೊದಲು ಪಿಟ್ ವಿಷಯ. ಹಗ್ಗದ ಲಿಫ್ಟಿಗೆ ಸಾಮಾನ್ಯವಾಗಿ 1.2ರಿಂದ 1.5 ಮೀಟರ್ ಆಳದ ಪಿಟ್ ಕೇಳುತ್ತಾರೆ, ಕೊನೆಯ ಮಹಡಿಯ ನೆಲದಿಂದ ಮೇಲಕ್ಕೆ 4 ಮೀಟರ್ ಆಸುಪಾಸು ಎತ್ತರವೂ ಬೇಕು. ಹೆಂಚಿನ ಇಳಿಮಾಡಿನ ಮನೆಯಲ್ಲಿ ಅಷ್ಟು ಎತ್ತರ ಸಿಗುವುದು ಕಷ್ಟ. ಮನೆಬಳಕೆಯ ಹೈಡ್ರಾಲಿಕ್‌ಗೆ 150ರಿಂದ 300 ಮಿ.ಮೀ. ಪಿಟ್, ಮೇಲೆ 3 ಮೀಟರ್ ಇದ್ದರೆ ಹೆಚ್ಚಿನ ಮಾದರಿಗಳು ಕೂರುತ್ತವೆ. ಗುಡ್ಡ ಕಡಿದು ಸಮ ಮಾಡಿದ ಸೈಟಿನಲ್ಲಿ ಈ ಒಂದು ಮೀಟರಿನ ವ್ಯತ್ಯಾಸವೇ ಎಲ್ಲ. ಕಕ್ಕಡದ (ಕೊಡವರ ಆಟಿ ತಿಂಗಳ) ಮಳೆಗೆ ಬರೆಯ, ಅಂದರೆ ಕಡಿದ ಗುಡ್ಡದ ಗೋಡೆಯ, ಕಡೆಯಿಂದ ಒರತೆ ಎದ್ದು, ಆಳದ ಪಿಟ್ ಸೀದಾ ಬಾವಿಯಾಗುತ್ತದೆ.

ಪಿಟ್ ಎಷ್ಟೇ ಆಳವಿರಲಿ, ತಳ ಮತ್ತು ಗೋಡೆ ಒಂದೇ ಆರ್‌ಸಿಸಿ ಪೆಟ್ಟಿಗೆಯಾಗಿರಲಿ, ಕಾಂಕ್ರೀಟಿಗೇ ವಾಟರ್‌ಪ್ರೂಫಿಂಗ್ ಕಾಂಪೌಂಡ್ ಬೆರೆಸಲಿ. ಹೊರಮೈಗೂ ಮಣ್ಣು ತುಂಬುವ ಮೊದಲು ಕೋಟಿಂಗ್ ಆಗಬೇಕು. ಆಮೇಲೆ ಒಳಗಿನಿಂದ ಮಾತ್ರ ಬಳಿದರೆ ಹೊರಗಿನ ನೀರಿನ ಒತ್ತಡಕ್ಕೆ ಅದು ಹಪ್ಪಳದ ಹಾಗೆ ಎದ್ದು ಬರುತ್ತದೆ. ಬರೆಯ ಪಕ್ಕ ಪಿಟ್ಟಿನ ತಳಕ್ಕಿಂತ ಕೆಳಮಟ್ಟದಲ್ಲಿ ಜಲ್ಲಿ ತುಂಬಿದ ಚರಂಡಿ ತೆಗೆದು ಇಳಿಜಾರಿನ ಕಡೆ ಹರಿಯಬಿಡಿ. ಪಿಟ್ಟಿನಲ್ಲಿ ನೀರೇರಿದರೆ ತಾನೇ ಒತ್ತಿಕೊಳ್ಳುವ ಫ್ಲೋಟ್ ಸ್ವಿಚ್ ಹಾಕಿಸಿ. ನೀರು ಬಂದರೆ ಲಿಫ್ಟ್ ಕೆಳಗಿನ ಮಹಡಿಗೆ ಇಳಿಯದಂತೆ ಕಂಟ್ರೋಲರ್ ತಡೆಯಬೇಕು. ಆಗುವುದಾದರೆ ಶಾಫ್ಟನ್ನೇ (ಲಿಫ್ಟ್ ಓಡಾಡುವ ಗೂಡನ್ನೇ) ಬರೆಯಿಂದ ದೂರದ ಮೂಲೆಗೆ ಒಯ್ಯಿರಿ. ಕಟ್ಟುವ ಹಂತದಲ್ಲಿ ಅದಕ್ಕೆ ಖರ್ಚಿಲ್ಲ.

ಇನ್ನು ಕರೆಂಟು. ಹೈಡ್ರಾಲಿಕ್ ಹೆಚ್ಚು ವಿದ್ಯುತ್ ತಿನ್ನುತ್ತದೆ ಎಂಬ ಮಾತು ಸುಳ್ಳಲ್ಲ. ಹಗ್ಗದ ಲಿಫ್ಟಿನಲ್ಲಿ ಕ್ಯಾಬಿನ್ನನ್ನು ಸರಿತೂಗಿಸುವ ಪ್ರತಿಭಾರ ಇಲ್ಲಿ ಇಲ್ಲದ್ದರಿಂದ ಕ್ಯಾಬಿನ್ ತೂಕವನ್ನೂ ಪಂಪೇ ಎತ್ತಬೇಕು. ಹೊರೆ ಮತ್ತು ಕ್ಯಾಬಿನ್ ಸೇರಿ 800 ಕೆ.ಜಿ.ಯನ್ನು ಸೆಕೆಂಡಿಗೆ 0.15 ಮೀಟರ್ ಎತ್ತಲು ಸುಮಾರು 1.2 ಕಿಲೋವಾಟ್ ಬೇಕು, ನಷ್ಟ ಸೇರಿಸಿ 2.2 ಕಿಲೋವಾಟ್ ಮೋಟರ್ ಹಾಕುತ್ತಾರೆ. ಆದರೆ ಇಳಿಯುವಾಗ ಮೋಟರ್ ತಿರುಗುವುದೇ ಇಲ್ಲ, ವಾಲ್ವ್ ತೆರೆದರೆ ಸ್ವಂತ ತೂಕಕ್ಕೇ ಇಳಿಯುತ್ತದೆ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದಾಗ ಆ ವಾಲ್ವಿಗೆ ಒಂದು ಸಣ್ಣ ಬ್ಯಾಟರಿ ಸಾಕು, ಅದೂ ಸತ್ತರೆ ಕೈಯಲ್ಲೇ ವಾಲ್ವ್ ತಿರುಗಿಸಿ ಇಳಿಸಬಹುದು. ಮನೆಯಲ್ಲಿ ಇಬ್ಬರಿಗಾದರೂ ಇದನ್ನು ಕಲಿಸಿಯೇ ಹೋಗುವಂತೆ ಇನ್‌ಸ್ಟಾಲ್ ಮಾಡುವವರಿಗೆ ಹೇಳಿ. ಮನೆಯ ಸಾಧಾರಣ ಇನ್ವರ್ಟರ್ ಈ ಮೋಟರನ್ನು ಎಳೆಯುವುದಿಲ್ಲ. ಜನರೇಟರ್ ಇದ್ದರೂ, ನೇರ ಸ್ಟಾರ್ಟ್ ಆಗುವ ಮೋಟರ್ ಮೊದಲ ಕ್ಷಣ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ ಎಂಬುದು ಲೆಕ್ಕದಲ್ಲಿರಲಿ.

ತ್ರೀ ಫೇಸ್ ಮಾದರಿ ತೆಗೆದುಕೊಂಡರೆ ಒಂದು ಫೇಸ್ ಹೋದರೂ ಲಿಫ್ಟ್ ನಿಲ್ಲುತ್ತದೆ. ಚೆಸ್ಕಾಂನವರು (ಕರೆಂಟು ಕೊಡುವ ಕಂಪನಿಯವರು) ಲೈನ್ ರಿಪೇರಿ ಮಾಡಿ ಹೋದ ಮೇಲೆ ಎಲ್ಲ ಸರಿಯಿದ್ದೂ ಲಿಫ್ಟ್ ಕದಲದಿದ್ದರೆ, ಫೇಸ್ ಅದಲುಬದಲಾಗಿ ಲಿಫ್ಟಿನ ರಕ್ಷಣಾ ರಿಲೇ ತಡೆದಿರಬಹುದು, ಮೊದಲು ಅದನ್ನು ನೋಡಿಸಿ. ತೋಟದ ಕೊನೆಯ ಕಂಬದ ಮನೆಯಾಗಿದ್ದರೆ ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ ಅಳೆದು, ಅದಕ್ಕೆ ತಕ್ಕ ಸ್ಟೆಬಿಲೈಸರ್ ಆರಿಸಿ. ಮುಂಗಾರಿಗೆ ಮುಂಚಿನ ಗುಡುಗು ಮಿಂಚಿಗೆ ಕಂಟ್ರೋಲರಿನ ಸರ್ಕ್ಯೂಟ್ ಕಾರ್ಡ್ ಸುಟ್ಟುಹೋಗದಿರಲು ಸರ್ಜ್ ಪ್ರೊಟೆಕ್ಟರ್ ಮತ್ತು ಒಳ್ಳೆಯ ಅರ್ಥಿಂಗ್ ಬೇಕೇ ಬೇಕು.

ಉದ್ದ ಸ್ಕ್ರೂ ಮೇಲೆ ಏರಿಳಿಯುವ ಸ್ಕ್ರೂ ಮಾದರಿಗೆ ಪಿಟ್ ಇನ್ನೂ ಕಡಿಮೆ. ಆದರೆ ಬಾಗಿಲು ಮುಚ್ಚುವ ಪೂರ್ತಿ ಕ್ಯಾಬಿನ್ ಇಲ್ಲದ ಪ್ಲಾಟ್‌ಫಾರ್ಮ್‌ಗಳಲ್ಲಿ ಮಹಡಿ ತಲುಪುವವರೆಗೂ ಬಟನ್ ಒತ್ತಿಯೇ ಹಿಡಿದಿರಬೇಕು. ಮಂಡಿಯ ಜೊತೆ ಬೆರಳುಗಂಟೂ ನೋಯುವವರಿಗೆ ಅದು ಹಿಂಸೆ. ಗಾಳಿಯ ಒತ್ತಡದಿಂದ ಏರುವ, ಗಾಜಿನ ಕೊಳವೆಯಂಥ ವ್ಯಾಕ್ಯೂಮ್ ಲಿಫ್ಟ್ ನೋಡಲು ಚೆಂದ, ಆದರೆ ಸಣ್ಣ ಅಳತೆಗಳಲ್ಲಿ ವೀಲ್‌ಚೇರ್ ಹಿಡಿಸುವುದಿಲ್ಲ.

ವೀಲ್‌ಚೇರ್ ಜೊತೆ ಇನ್ನೊಬ್ಬರು ನಿಲ್ಲಲು ಕ್ಯಾಬಿನ್ ಒಳಗೆ 1100×1400 ಮಿ.ಮೀ., ಬಾಗಿಲು 800 ಇರಲಿ. ಶಾಫ್ಟಿನ ಗೋಡೆ ಎಬ್ಬಿಸುವ ಮೊದಲೇ ಕಂಪನಿಯ ಡ್ರಾಯಿಂಗ್ ಕೈಯಲ್ಲಿರಲಿ. ಹಾಲೋ ಬ್ಲಾಕಿನಲ್ಲಿ ಗೈಡ್ ರೈಲಿನ (ಕ್ಯಾಬಿನ್ ಜಾರುವ ಕಂಬಿಯ) ಬೋಲ್ಟ್ ಹಿಡಿಯುವುದಿಲ್ಲ. ಡ್ರಾಯಿಂಗ್ ತೋರಿಸಿದ ಎತ್ತರಗಳಲ್ಲಿ, ಸಾಮಾನ್ಯವಾಗಿ ಒಂದೂವರೆ ಮೀಟರಿಗೊಂದರಂತೆ, ಆರ್‌ಸಿಸಿ ಪಟ್ಟಿ ಹಾಕಿಸಿ. ಮೊಮ್ಮಕ್ಕಳು ಬರುವ ಮನೆಯಾದರೆ ಹೊರಬಾಗಿಲಿಗೂ ಕ್ಯಾಬಿನ್ ಬಾಗಿಲಿಗೂ ನಡುವೆ ಮಗು ನಿಲ್ಲುವಷ್ಟು ಸಂದು ಇರಬಾರದು. 100 ಮಿ.ಮೀ. ಚೆಂಡು ಅಲ್ಲಿ ತೂರಿದರೆ ಒಪ್ಪಬೇಡಿ.

ಪೈಪ್ ಒಡೆದರೆ ಎಣ್ಣೆ ತಡೆಯುವ ರಪ್ಚರ್ ವಾಲ್ವ್ ಇದೆಯೇ ಎಂದು ಬರಹದಲ್ಲೇ ಕೇಳಿ. ಕ್ಯಾಬಿನ್ನಿನೊಳಗೆ ಮೊಬೈಲ್ ನಂಬಬೇಡಿ. ದಿನಗಟ್ಟಲೆ ಕರೆಂಟಿಲ್ಲದಾಗ ಟವರೂ ಮಲಗುತ್ತದೆ. ಬ್ಯಾಟರಿಯಲ್ಲಿ ನಡೆಯುವ ಇಂಟರ್‌ಕಾಮ್ ಮತ್ತು ಅಂಗಳಕ್ಕೆ ಕೇಳಿಸುವ ಗಂಟೆ ಸಾಕು.

ಕರ್ನಾಟಕ ಲಿಫ್ಟ್ ಕಾಯ್ದೆ 2012ರ ಪ್ರಕಾರ ಲಿಫ್ಟ್ ಕೂರಿಸಲು ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಮೊದಲು, ಓಡಿಸಲು ಪರವಾನಗಿ ಆಮೇಲೆ. ಇದು ಮಾರುವವರ ಜವಾಬ್ದಾರಿ ಎಂದು ಆರ್ಡರಿನಲ್ಲೇ ಬರೆಸಿ. ಸರ್ವಿಸ್ ಹುಡುಗರು ಮೈಸೂರಿನಿಂದ ಬರುತ್ತಾರೋ ಮಂಗಳೂರಿನಿಂದಲೋ ಕೇಳಿಕೊಳ್ಳಿ. 2018ರ ಆಗಸ್ಟಿನಂತೆ ಸಂಪಾಜೆ ಘಾಟಿ ಕುಸಿದರೆ ಮಂಗಳೂರಿನವರು ಬೇಗ ಬರಲಾರರು. ಬೆಲೆ ಸ್ವಲ್ಪ ಹೆಚ್ಚಾದರೂ ಮೈಸೂರಿನಲ್ಲಿ ಬಿಡಿಭಾಗದ ದಾಸ್ತಾನು ಇಟ್ಟಿರುವವರನ್ನೇ ಹಿಡಿಯಿರಿ.