ಓದುಗರ ಪ್ರಶ್ನೆ: ಫಾದರ್ ಬರೆದ ಕಥೆಯಲ್ಲಿ ಡ್ರ್ಯಾಗನ್‌ಗೆ ಏನು ಕೆಲಸ?

ಪ್ರಶ್ನೆ: ಕ್ಯಾಥೊಲಿಕ್ ಫಾದರ್ ಒಬ್ಬರು ಬರೆದ ಸಾಹಸ ಕಥೆಗಳನ್ನು ಓದಿದೆ. ಡ್ರ್ಯಾಗನ್ ಇದೆ, ಸೈತಾನನ ಜೊತೆ ಒಪ್ಪಂದ ಇದೆ, ಶಾಪಗ್ರಸ್ತ ಕಾಡು ಇದೆ. ಧರ್ಮಗುರುಗಳು ಇಂಥ ಕಟ್ಟುಕಥೆ ಬರೆಯಬಹುದಾ? ಚರ್ಚ್ ಒಪ್ಪುತ್ತಾ?

ಉತ್ತರ: ಧಾರಾಳವಾಗಿ ಬರೆಯಬಹುದು. ಹಿಂದಿನಿಂದಲೂ ಬರೆಯುತ್ತಲೇ ಬಂದಿದ್ದಾರೆ. ಸಂತ ಜಾರ್ಜ್ ಡ್ರ್ಯಾಗನ್ ಕೊಂದ ಕಥೆ ಇಡೀ ಯುರೋಪಿಗೆ ಹರಡಿದ್ದೇ 13ನೇ ಶತಮಾನದಲ್ಲಿ ಇಟಲಿಯಲ್ಲಿ ಡೊಮಿನಿಕನ್ ಅನ್ನೋ ಸನ್ಯಾಸಿ ಸಭೆಯ ಗುರು ಯಾಕೊಬುಸ್ ದೆ ವೊರಾಜಿನೆ ಅದನ್ನು ತಮ್ಮ ಸಂತರ ಕಥೆಗಳ ಸಂಗ್ರಹಕ್ಕೆ ಸೇರಿಸಿದ ಮೇಲೆ. ಅವರು ಆಮೇಲೆ ಜೆನೋವಾದ ಆರ್ಚ್‌ಬಿಷಪ್ ಕೂಡ ಆದರು. ಅವರ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಒಂದಿದೆ. ಗಾಯಗೊಂಡ ಡ್ರ್ಯಾಗನ್ ಕೊರಳಿಗೆ ರಾಜಕುಮಾರಿ ತನ್ನ ಸೊಂಟದ ಪಟ್ಟಿ ಕಟ್ಟುತ್ತಾಳೆ, ಅದು ಸಾಕಿದ ನಾಯಿಯ ಹಾಗೆ ಅವಳ ಹಿಂದೆ ಊರೊಳಗೆ ನಡೆದು ಬರುತ್ತೆ, ಜನ ದಿಕ್ಕಾಪಾಲಾಗಿ ಓಡುತ್ತಾರೆ.

ನಮ್ಮ ಪಕ್ಕದ ತಮಿಳುನಾಡನ್ನೇ ನೋಡಿ. ಇಟಲಿಯಿಂದ ಬಂದ, ಜೆಸ್ವಿಟ್ ಅನ್ನೋ ಇನ್ನೊಂದು ಸಭೆಯ ಗುರು ಬೆಸ್ಕಿ, ಅಂದರೆ ವೀರಮಾಮುನಿವರ್, 18ನೇ ಶತಮಾನದಲ್ಲಿ ಪರಮಾರ್ಥ ಗುರು ಮತ್ತು ಅವರ ಐವರು ಪೆದ್ದು ಶಿಷ್ಯರ ಕಥೆಯನ್ನು ತಮಿಳಿನಲ್ಲಿ ಬರೆದರು. ಅದು ಸಾಹಸ ಕಥೆಯಲ್ಲ, ನಗೆಕಥೆ. ಆದರೂ ಜನರ ಬಾಯಲ್ಲಿರುವ ಧಾಟಿಯನ್ನು ಒಬ್ಬ ಗುರು ಎಷ್ಟು ಸಲೀಸಾಗಿ ಹಿಡಿಯಬಲ್ಲರು ಅನ್ನೋದು ಅಲ್ಲಿ ಕಾಣುತ್ತೆ.

ಇನ್ನು ಅನುಮತಿಯ ಮಾತು. 1983ರ ಚರ್ಚ್ ಕಾನೂನಿನ ಪ್ರಕಾರ ಧರ್ಮೋಪದೇಶದ ಪುಸ್ತಕ, ಪ್ರಾರ್ಥನಾ ಪುಸ್ತಕ ಇಂಥವಕ್ಕೆ ಬಿಷಪ್ ಕಡೆಯಿಂದ ಒಪ್ಪಿಗೆ ಬೇಕು. ಕಥೆ ಕಾದಂಬರಿ ಆ ಪಟ್ಟಿಯಲ್ಲಿಲ್ಲ. ಜೆಸ್ವಿಟ್, ಡೊಮಿನಿಕನ್ ಥರದ ಸಭೆಗಳಿಗೆ ಸೇರಿದವರು ಧರ್ಮ ಅಥವಾ ನೀತಿಯ ವಿಷಯ ಬರೆದರೆ ತಮ್ಮ ಮೇಲಧಿಕಾರಿಯ ಅನುಮತಿ ಪಡೆಯಬೇಕು. ಹಾಗೇ, ಡ್ರ್ಯಾಗನ್ ಇತ್ತು ಅಂತ ನಂಬಲೇಬೇಕು ಅಂತ ಚರ್ಚ್ ಯಾರಿಗೂ ಹೇಳೋದಿಲ್ಲ. ಜಾರ್ಜ್ 4ನೇ ಶತಮಾನದ ಆರಂಭದ ಹುತಾತ್ಮ, ಡ್ರ್ಯಾಗನ್ ಅವರ ಕಥೆಗೆ ಸೇರಿಕೊಂಡಿದ್ದು ಎಷ್ಟೋ ನೂರು ವರ್ಷಗಳ ನಂತರ.

ಪ್ರಶ್ನೆ: ಇಂಥ ಕಥೆಗಳಲ್ಲಿ ಕೊನೆಗೆ ದೇವರು ಕಾಪಾಡುತ್ತಾನೆ ಅಂತ ಮೊದಲೇ ಗೊತ್ತಿರುತ್ತೆ. ಹಾಗಿದ್ದ ಮೇಲೆ ಸಾಹಸ ಎಲ್ಲಿ ಬಂತು?

ಉತ್ತರ: ಕಳಪೆ ಕಥೆಯಲ್ಲಿ ಆಗೋದು ಹಾಗೇ. ಹುಡುಗ ಗುಹೆಯಲ್ಲಿ ಸಿಕ್ಕಿಬಿದ್ದ, ಜಪಮಾಲೆ ಹೊರಗೆ ತೆಗೆದ, ಬಂಡೆ ಸರಿಯಿತು, ಮುಗೀತು. ಮಂತ್ರದಂಡದ ಜಾಗದಲ್ಲಿ ಜಪಮಾಲೆ ಬಂತು ಅಷ್ಟೆ. ಇದು ಕಥೆಯಾಗಿಯೂ ಸಪ್ಪೆ, ಧರ್ಮದ ಕಡೆಯಿಂದ ನೋಡಿದರೂ ತಪ್ಪು. ಮನಸ್ಸಿಲ್ಲದೆ ಬರೀ ಹೊರಗಿನ ಆಚರಣೆಯಿಂದಲೇ ಫಲ ಸಿಗುತ್ತೆ ಅಂದುಕೊಳ್ಳೋದನ್ನು ಕ್ಯಾಥೊಲಿಕ್ ಧರ್ಮೋಪದೇಶವೇ ಮೂಢನಂಬಿಕೆ ಅನ್ನುತ್ತೆ.

ಒಳ್ಳೆಯ ಕಥೆಯಲ್ಲಿ ಪ್ರಶ್ನೆಯೇ ಬೇರೆ. ಅವನು ಬದುಕಿ ಉಳಿಯುತ್ತಾನಾ ಅನ್ನೋದಕ್ಕಿಂತ, ಅವನು ಯಾರ ಪಕ್ಷಕ್ಕೆ ನಿಲ್ಲುತ್ತಾನೆ, ಅದಕ್ಕಾಗಿ ಏನು ಕಳೆದುಕೊಳ್ಳೋಕೆ ತಯಾರಿದ್ದಾನೆ ಅನ್ನೋದು. ಸಂತ ಕ್ರಿಸ್ಟೋಫರನ ಕಥೆ ತಗೊಳ್ಳಿ. ಅವನು ದೈತ್ಯ, ಲೋಕದಲ್ಲಿ ಎಲ್ಲರಿಗಿಂತ ದೊಡ್ಡ ಒಡೆಯನಿಗೇ ದುಡಿಯಬೇಕು ಅನ್ನೋ ಹಟ. ರಾಜನ ಹತ್ತಿರ ಸೇರಿದ, ರಾಜ ಸೈತಾನನಿಗೆ ಹೆದರುತ್ತಾನೆ ಅಂತ ಗೊತ್ತಾಯಿತು. ಸೈತಾನನ ಹತ್ತಿರ ಸೇರಿದ, ಅವನು ದಾರಿಬದಿಯ ಶಿಲುಬೆ ಕಂಡು ಸುತ್ತು ಬಳಸಿ ಹೋದ. ಅವನನ್ನೂ ಬಿಟ್ಟ. ಕೊನೆಗೆ ಒಬ್ಬ ತಪಸ್ವಿ ಅವನಿಗೆ ಕೊಟ್ಟ ಕೆಲಸ ಏನು? ಹೊಳೆ ದಾಟೋಕೆ ಆಗದವರನ್ನು ಹೆಗಲ ಮೇಲೆ ಹೊತ್ತು ದಾಟಿಸೋದು. ಕತ್ತಿ ಇಲ್ಲ, ಕುದುರೆ ಇಲ್ಲ, ಕೈಯಲ್ಲಿ ಒಂದು ಕೋಲು. ಒಂದು ರಾತ್ರಿ ಒಬ್ಬ ಚಿಕ್ಕ ಹುಡುಗ ಹೆಗಲೇರುತ್ತಾನೆ, ನಡುಹೊಳೆಗೆ ಬರುವಷ್ಟರಲ್ಲಿ ಭಾರ ಹೆಚ್ಚಾಗಿ ದೈತ್ಯನಿಗೇ ಮುಳುಗುವ ಭಯ. ಆ ಮಗು ಯೇಸು ಅಂತ ನಮಗೆ ಗೊತ್ತಿದ್ದರೂ ಎದೆ ಡವಡವ ಅನ್ನುತ್ತೆ, ಯಾಕಂದ್ರೆ ಅವನಿಗೆ ಅದು ಗೊತ್ತಿಲ್ಲ. ಗೊತ್ತಿಲ್ಲದೆಯೇ ಅವನು ಮಗುವನ್ನು ಕೆಳಗೆ ಬಿಡೋದಿಲ್ಲ.

ಐರ್ಲೆಂಡಿನ ಗುರು ಪೀಟರ್ ಓಲೀರಿ ಐರಿಷ್ ಭಾಷೆಯಲ್ಲಿ ಬರೆದ 'ಶೇನಾ' ನೆನಪಾಗುತ್ತೆ. 1894ರಿಂದ ಕಂತುಗಳಲ್ಲಿ ಬಂತು, 1904ರಲ್ಲಿ ಪುಸ್ತಕವಾಯಿತು, ಮೂಲ ಒಂದು ಜನಪದ ಕಥೆ. ಶೇನಾ ಬಡ ಚಮ್ಮಾರ, ಅವನ ಹತ್ತಿರ ಮೂರೇ ಶಿಲಿಂಗ್. ದಾರಿಯಲ್ಲಿ ಸಿಕ್ಕಿದ ಮೂವರು ಬಡವರಿಗೆ ಒಂದೊಂದು ಕೊಟ್ಟುಬಿಡುತ್ತಾನೆ. ಅದಕ್ಕೆ ಮೂರು ವರ ಸಿಗುತ್ತೆ. ಸ್ವರ್ಗವನ್ನೇ ಕೇಳಬಹುದಿತ್ತು. ಅವನು ಕೇಳೋದು, ತನ್ನ ಕುರ್ಚಿಯಲ್ಲಿ ಬೇರೆ ಯಾರು ಕೂತರೂ ಅಂಟಿಕೊಳ್ಳಲಿ ಅಂತ! ಬಂದವರೆಲ್ಲ ಅದರಲ್ಲೇ ಕೂರುತ್ತಾರೆ ಅನ್ನೋ ಸಿಟ್ಟು. ಆಮೇಲೆ ಹಣಕ್ಕಾಗಿ, 13 ವರ್ಷ ಕಳೆದ ಮೇಲೆ ನಿನ್ನ ಜೊತೆ ಬರ್ತೀನಿ ಅಂತ ಸೈತಾನನಿಗೆ ಮಾತು ಕೊಡುತ್ತಾನೆ. ಕೊನೆಯ ಕಾಸನ್ನೂ ಕೊಟ್ಟ ಕೈ, ಕುರ್ಚಿಗೆ ಕಿರಿಕಿರಿ ಪಡುವ ಮನಸ್ಸು, ಎರಡೂ ಒಬ್ಬನಲ್ಲೇ. ಮನುಷ್ಯರನ್ನು ಹತ್ತಿರದಿಂದ ನೋಡಿದ ಗುರುವಿಗೆ ಮಾತ್ರ ಹೀಗೆ ಬರೆಯೋಕಾಗುತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ನಾವು ಕ್ರೈಸ್ತರಲ್ಲ. ಮಕ್ಕಳಿಗೆ ಓದಿಸಬಹುದಾ?

ಉತ್ತರ: ಓದಿಸಿ. ಮೊದಲು ನೀವೇ ಓದಿ ನೋಡಿ, ಹಳೆಯ ಸಂತರ ಕಥೆಗಳಲ್ಲಿ ಚಿತ್ರಹಿಂಸೆಯ ವರ್ಣನೆ ಜಾಸ್ತಿ, ತೀರಾ ಚಿಕ್ಕವರಿಗೆ ಬೇಡ. "ಇದು ನಿಜವಾಗ್ಲೂ ನಡೀತಾ?" ಅಂತ ಮಗು ಕೇಳಿದರೆ ಸುಮ್ನೆ ಜಾರಿಕೊಳ್ಳಬೇಡಿ, ಇದು ಕಥೆ ಅಂತ ನೇರವಾಗಿ ಹೇಳಿ.

ಪ್ರಶ್ನೆ: ನಾನೂ ಧರ್ಮಗುರು. ಜನಪದ ಕಥೆ ಆಧರಿಸಿ ಸಾಹಸ ಕಥೆ ಬರೆಯುತ್ತಿದ್ದೇನೆ. ಓದಿದವರು "ಪೂಜೆಯ ಪ್ರಸಂಗದ (ಚರ್ಚಿನಲ್ಲಿ ಕೊಡುವ ಉಪದೇಶದ) ಹಾಗಿದೆ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಫಾದರ್, ಮೊದಲು ಪ್ರತಿ ಅಧ್ಯಾಯದ ಕೊನೆಯ ಪ್ಯಾರಾ ತೆಗೆದುಹಾಕಿ ನೋಡಿ. ಉಪದೇಶ ಬಂದು ಕೂರುವುದು ಅಲ್ಲೇ. ಆಮೇಲೆ ನಿಮ್ಮ ಖಳನ ಮಾತುಗಳನ್ನು ಓದಿ. ಅವನು ಹೇಳೋದು ಒಂದು ಕ್ಷಣವಾದರೂ ನಮಗೆ ಸರಿ ಅನ್ನಿಸಬೇಕು. ಯಾವ ಆಸೆಯನ್ನೂ ತೋರಿಸದ ಸೈತಾನನಿಗೆ ಯಾರು ಮರುಳಾಗುತ್ತಾರೆ, ಹೇಳಿ? ಮೂಲ ಕಥೆಯಲ್ಲಿರುವ ಒರಟುತನವನ್ನೂ ತೀಡಬೇಡಿ. ಶೇನಾನ ಕಥೆಯನ್ನು ಬೆಂಕಿಯ ಪಕ್ಕ ಕೂತ ಪೆಗ್ ಹೇಳುತ್ತಾಳೆ, ಕೇಳುವ ಹುಡುಗಿಯರು ನಡುನಡುವೆ ಬಾಯಿ ಹಾಕುತ್ತಾರೆ, ಅನುಮಾನ ಪಡುತ್ತಾರೆ. ಓದುಗರ ಅನುಮಾನ ಕಥೆಯೊಳಗೇ ಬಂದುಬಿಡುತ್ತೆ, ಲೇಖಕರು ಬಂದು ಸಮಜಾಯಿಷಿ ಕೊಡುವ ಅಗತ್ಯವೇ ಇಲ್ಲ.

ಇನ್ನೊಂದು ಮಾತು ನಿಮಗೆ ಗೊತ್ತಿರೋದೇ, ಆದರೂ ಹೇಳುತ್ತೇನೆ. ಪಾಪನಿವೇದನೆಯಲ್ಲಿ ಕೇಳಿದ್ದು ಹೆಸರು ಬದಲಿಸಿಯೂ ಕಥೆಗೆ ಬರಬಾರದು. ಆ ಗುಟ್ಟು ಮುರಿಯುವಂತಿಲ್ಲ ಅನ್ನೋದು ಚರ್ಚಿನ ಕಾನೂನು. ತನ್ನದೇ ಕಥೆ ಅಂತ ಒಬ್ಬರಿಗೆ ಅನುಮಾನ ಬಂದರೂ ಅವರು ಮತ್ತೆ ನಿಮ್ಮ ಮುಂದೆ ಮಂಡಿಯೂರೋದಿಲ್ಲ, ಅಲ್ವಾ?

ತಿದ್ದಿದ ಮೇಲೆ ಅದನ್ನು ಇನ್ನೊಬ್ಬ ಗುರುಗಳಿಗೆ ಕೊಡಬೇಡಿ. ಹತ್ತು ವರ್ಷದ ಮಗುವಿಗೆ ಗಟ್ಟಿಯಾಗಿ ಓದಿ ಹೇಳಿ. ಮಗು ಅತ್ತಿತ್ತ ನೋಡಲು ಶುರುಮಾಡಿದ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಅಲ್ಲಿಂದ ಮತ್ತೆ ಬರೆಯಿರಿ.